‘ಅದೆಲ್ಲ ನಮ್ಮಂಥವರಿಗಲ್ಲ ಮಿಸ್’ ಅನ್ನುವ ಮಕ್ಕಳಿಗೆ ಕಂಪ್ಯೂಟರ್ ಸೈನ್ಸ್ ಮುಟ್ಟಿಸುವುದು ಹೇಗೆ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಶಾಲೆಯಲ್ಲಿ ಕೆಲಸ ಮಾಡುವ ಎಂಟು ಕಂಪ್ಯೂಟರ್ ಇವೆ. ಎರಡು ವರ್ಷದಿಂದ ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಕ್ಲಬ್ ನಡೆಸುತ್ತಿದ್ದೇನೆ. ಬರುವವರು ಮಾತ್ರ ಅದೇ ಏಳೆಂಟು ಹುಡುಗರು. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರು, ಅಣ್ಣನೋ ಚಿಕ್ಕಪ್ಪನೋ ಬೆಂಗಳೂರಲ್ಲಿ ಕೆಲಸದಲ್ಲಿರುವವರು. ಕಾಫಿ ತೋಟದ ಕಾರ್ಮಿಕರು ಇರುವ ಲೈನ್ ಮನೆಗಳ ಮಕ್ಕಳು, ಹೆಣ್ಣುಮಕ್ಕಳು, ಮನೆಯಲ್ಲಿ ತಮಿಳು, ತುಳು, ಬ್ಯಾರಿ ಮಾತಾಡುವವರು ಹತ್ತಿರ ಸುಳಿಯುವುದಿಲ್ಲ. ‘ಅದೆಲ್ಲ ನಮ್ಮಂಥವರಿಗಲ್ಲ ಮಿಸ್’ ಅನ್ನುತ್ತಾರೆ. ಎಸ್ಸೆಸ್ಸೆಲ್ಸಿ ಆದಮೇಲೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳುವವರೂ ಆ ಏಳೆಂಟು ಹುಡುಗರೇ. ಉಳಿದವರನ್ನು ಕರೆತರುವುದು ಹೇಗೆ? ಎಐ ಬಂದಮೇಲೆ ಇದನ್ನು ಓದಿ ಏನು ಉಪಯೋಗ ಎಂದು ಪೋಷಕರು ಕೇಳಿದರೆ ಏನು ಹೇಳಲಿ? ನನಗೇ ಪ್ರೋಗ್ರಾಮಿಂಗ್ ಬರುವುದಿಲ್ಲ. ಇದು ನನ್ನಿಂದ ಆದೀತೇ?

ಉತ್ತರ: ಮೇಡಂ, ಮೊದಲು ಕ್ಲಬ್ಬಿನ ಮಾತು ಮುಗಿಸಿಬಿಡೋಣ. ‘ಆಸಕ್ತಿ ಇರುವವರು ಬನ್ನಿ’ ಎಂದು ಕರೆದರೆ ಯಾರು ಬರುತ್ತಾರೆ? ಅದರ ರುಚಿ ಆಗಲೇ ಕಂಡವರು. ರುಚಿಯನ್ನೇ ಕಾಣದ ಮಗುವಿಗೆ ಆಸಕ್ತಿ ಎಲ್ಲಿಂದ ಬರಬೇಕು? ಮೇಲಾಗಿ, ಶನಿವಾರ ಮಧ್ಯಾಹ್ನ ಶಾಲೆಯಲ್ಲಿ ಉಳಿಯುವುದು ಎಲ್ಲ ಮಕ್ಕಳ ಕೈಲಿ ಆಗುವ ಕೆಲಸವಲ್ಲ. ನಿಮ್ಮ ಕಡೆ ಒಂದು ಬಸ್ ತಪ್ಪಿದರೆ ಇನ್ನೊಂದು ಯಾವಾಗಲೋ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿರುವಾಗ ತಮ್ಮ ತಂಗಿಯರನ್ನು ನೋಡಿಕೊಳ್ಳುವವಳು ಒಂಬತ್ತನೇ ಕ್ಲಾಸಿನ ಹುಡುಗಿ. ಹೀಗಾಗಿ ನಿಮ್ಮ ಕ್ಲಬ್ ಆ ಏಳೆಂಟು ಜನರನ್ನು ಇನ್ನಷ್ಟು ಮುಂದಕ್ಕೆ ಕರೆದೊಯ್ಯುತ್ತದೆ, ಕಿಟಕಿಯಾಚೆ ಹೋಗುವವರಿಗೆ ‘ಅದು ಅವರದ್ದು’ ಎಂಬ ಪಾಠವನ್ನು ವಾರವಾರವೂ ಗಟ್ಟಿ ಮಾಡುತ್ತದೆ. ಕ್ಲಬ್ ಇರಲಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಶಕ್ತಿಯ ಬಹುಪಾಲನ್ನು ಅಲ್ಲಿಂದ ತೆಗೆದು ಬೇರೆ ಕಡೆ ಹಾಕಿ.

ಎಲ್ಲಿ? ಎಂಟನೇ ತರಗತಿಯ ವೇಳಾಪಟ್ಟಿಯಲ್ಲಿ. ವಾರಕ್ಕೆ ಒಂದು ಪೀರಿಯಡ್, ಪಾಠದ ಹೊತ್ತಿನಲ್ಲೇ, ಹಾಜರಿ ಪುಸ್ತಕದಲ್ಲಿ ಹೆಸರಿರುವ ಪ್ರತಿಯೊಂದು ಮಗುವಿಗೂ. ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಾ, ಪಾಲಿಟೆಕ್ನಿಕ್‌ಗೂ ಎಂಜಿನಿಯರಿಂಗ್‌ಗೂ ಬರುವ ಮಕ್ಕಳನ್ನು ನೋಡುತ್ತಾ ನನ್ನಲ್ಲಿ ಗಟ್ಟಿಯಾದ ನಂಬಿಕೆ ಇದು: ಬೇಕಾದವರು ಆರಿಸಿಕೊಳ್ಳುವ ವಿಷಯ ಆಗುವುದಕ್ಕೆ ಮುಂಚೆ ಅದು ಎಲ್ಲರೂ ಒಮ್ಮೆ ಕೈಯಾಡಿಸಿದ ವಿಷಯ ಆಗಬೇಕು. ಗಣಿತವನ್ನಾಗಲಿ ಕಬಡ್ಡಿಯನ್ನಾಗಲಿ ‘ಆಸಕ್ತಿ ಇದ್ದರೆ ಬಾ’ ಎಂದು ನಾವು ಶುರು ಮಾಡುವುದಿಲ್ಲ. ಮಾಡಿ ನೋಡಿದ ಮೇಲೆ ಮಗು ‘ನನಗೆ ಇದು ಬೇಡ’ ಅಂದರೆ ಆ ಮಾತಿಗೆ ಬೆಲೆ ಇದೆ. ನೋಡದೆಯೇ ‘ನಮ್ಮಂಥವರಿಗಲ್ಲ’ ಅಂದರೆ ಅದು ಆ ಮಗುವಿನ ಮಾತಲ್ಲ, ಸುತ್ತಲಿನವರು ಅದರ ಬಾಯಲ್ಲಿ ಇಟ್ಟ ಮಾತು.

ಆ ಮಕ್ಕಳು ಯಾವುದನ್ನು ಬೇಡ ಅನ್ನುತ್ತಿದ್ದಾರೆ ಎಂದು ಸ್ವಲ್ಪ ವಿಚಾರಿಸಿ ನೋಡಿ. ಅವರ ಪಾಲಿಗೆ ಕಂಪ್ಯೂಟರ್ ಅಂದರೆ ಬೀಗ ಹಾಕಿದ ಕೋಣೆ, ಒಳಗೆ ಹೋದರೆ ಪೇಂಟ್‌ನಲ್ಲಿ ಒಂದು ಮನೆ ಬಿಡಿಸುವುದು, ವರ್ಡ್‌ನಲ್ಲಿ ಇಂಗ್ಲಿಷ್ ಪ್ಯಾರಾ ಟೈಪ್ ಮಾಡುವುದು, ‘ಹಾಳು ಮಾಡಬೇಡ’ ಎಂಬ ಗದರಿಕೆ. ಮಾಹಿತಿ ಸಿಂಧು ಎಂಬ ಸರ್ಕಾರದ ಕಂಪ್ಯೂಟರ್ ಶಿಕ್ಷಣ ಯೋಜನೆಯ ಕಾಲದಿಂದಲೂ ನಮ್ಮ ಸರ್ಕಾರಿ ಶಾಲೆಗಳಿಗೆ ಯಂತ್ರಗಳು ಬರುತ್ತಲೇ ಇವೆ. ಯಂತ್ರದ ಜೊತೆ ವಿಷಯ ಬರಲಿಲ್ಲ. ಒಂದು ಸಮಸ್ಯೆಯನ್ನು ತುಂಡು ತುಂಡು ಮಾಡಿ, ಎಂಥ ದಡ್ಡ ಯಂತ್ರಕ್ಕೂ ತಪ್ಪದೆ ಅರ್ಥವಾಗುವ ಹಾಗೆ ಹಂತಗಳನ್ನು ಜೋಡಿಸುವುದು ಎಂಬ ಅಸಲಿ ಕೆಲಸವನ್ನು ಅವರು ನೋಡಿಯೇ ಇಲ್ಲ. ಅದನ್ನು ತೋರಿಸಿ. ಆಮೇಲೆ ಯಾರು ಮುಂದೆ ಬರುತ್ತಾರೆ ಎಂಬುದು ನಿಮ್ಮನ್ನೇ ಬೆರಗುಗೊಳಿಸುತ್ತದೆ.

ಹೊರದೇಶದ ಒಂದು ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದವರಲ್ಲಿ ಹೆಣ್ಣುಮಕ್ಕಳು ಶೇ 7 ಮಾತ್ರ ಇದ್ದರು. 2000ದಲ್ಲಿ ಅದು ಶೇ 42 ಆಯಿತು. ಪಾಠವನ್ನು ಸುಲಭ ಮಾಡಿ ಸಾಧಿಸಿದ್ದಲ್ಲ. ಪ್ರವೇಶದ ಹೊತ್ತಿನಲ್ಲಿ ‘ಮೊದಲೇ ಪ್ರೋಗ್ರಾಮಿಂಗ್ ಗೊತ್ತಿರಬೇಕು’ ಎಂಬುದಕ್ಕೆ ಕೊಡುತ್ತಿದ್ದ ತೂಕ ಇಳಿಸಿದರು, ಹೊಸಬರಿಗೂ ಪಳಗಿದವರಿಗೂ ಬೇರೆ ಬೇರೆ ಆರಂಭದ ತರಗತಿ ಇಟ್ಟರು. ಮುಂಚೆಯೇ ಗೊತ್ತಿದ್ದವರೇ ಕೊನೆಯವರೆಗೂ ಮುಂದಿರುತ್ತಾರೆ ಎಂಬ ನಂಬಿಕೆ ಅಲ್ಲಿ ಸುಳ್ಳಾಯಿತು. ಹಾರ್ವಿ ಮಡ್ ಎಂಬ ಇನ್ನೊಂದು ಕಾಲೇಜೂ ಇದೇ ದಾರಿ ಹಿಡಿದು, 2006ರ ಸುಮಾರಿಗೆ ಶೇ 10ರ ಆಸುಪಾಸಿನಲ್ಲಿದ್ದ ಹೆಣ್ಣುಮಕ್ಕಳ ಪಾಲನ್ನು ಕೆಲವೇ ವರ್ಷಗಳಲ್ಲಿ ಶೇ 40ರ ಹತ್ತಿರ ತಂದಿತು.

ಆದರೆ ಅಲ್ಲಿನ ಔಷಧಿಯನ್ನು ಹಾಗೇ ತಂದು ಇಲ್ಲಿ ಕುಡಿಸಬಾರದು. ಅವರಲ್ಲಿ ಕಂಪ್ಯೂಟರ್ ಅಂದರೆ ಗಂಡುಹುಡುಗರ ಆಟ ಎಂಬ ಭಾವನೆ ಬೇರೂರಿತ್ತು. ನಮ್ಮಲ್ಲಿ ಅದು ಅಷ್ಟಿಲ್ಲ. ನೆರಳಲ್ಲಿ ಕೂತು ಮಾಡುವ, ಮರ್ಯಾದೆಯ ಕೆಲಸ ಎಂದು ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರೇ ಒಪ್ಪುತ್ತಾರೆ. ಹಾಸನದ ಯಾವ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್ ತರಗತಿಗೆ ಹೋದರೂ ಹುಡುಗಿಯರು ಕಾಣುತ್ತಾರೆ. ಅವರು ಯಾವ ಮನೆಯ, ಯಾವ ಮಾಧ್ಯಮದ ಹುಡುಗಿಯರು ಎಂದು ಕೇಳಬೇಕು. ನಮ್ಮ ಗೋಡೆ ಇರುವುದು ಕನ್ನಡ ಮಾಧ್ಯಮಕ್ಕೂ ಇಂಗ್ಲಿಷ್ ಮಾಧ್ಯಮಕ್ಕೂ ನಡುವೆ, ಪೇಟೆಗೂ ತೋಟಕ್ಕೂ ನಡುವೆ, ಫೀಸು ಕಟ್ಟಬಲ್ಲವರಿಗೂ ಆಗದವರಿಗೂ ನಡುವೆ. ಹುಡುಗಿ ಎಂಬುದು ಇದೆಲ್ಲದರ ಮೇಲೆ ಬಂದು ಕೂರುವ ಇನ್ನೊಂದು ಭಾರ. ಲೈನ್ ಮನೆಯ ಹುಡುಗಿಗೆ ಅಷ್ಟೂ ಒಟ್ಟಿಗೇ ಬೀಳುತ್ತವೆ.

ಈಗ ಕ್ಲಾಸಿನೊಳಗೆ ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಇದನ್ನೇ ವಿವರವಾಗಿ ಹೇಳಬೇಕು.

ಜೂನ್, ಜುಲೈಯಲ್ಲಿ ನಿಮ್ಮ ಕಡೆ ಕರೆಂಟ್ ನೆಚ್ಚಿಕೊಳ್ಳುವ ಹಾಗಿಲ್ಲ. ಆಗ ಕಂಪ್ಯೂಟರ್ ಮುಟ್ಟುವುದೇ ಬೇಡ. ನ್ಯೂಜಿಲೆಂಡ್‌ನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದವರು 1990ರ ದಶಕದಿಂದ ಬೆಳೆಸಿಕೊಂಡು ಬಂದ ‘ಅನ್‌ಪ್ಲಗ್ಡ್’ ಎಂಬ ಕ್ರಮ ಇದೆ. ಯಂತ್ರವಿಲ್ಲದೆ ಆಟದ ಮೂಲಕ ಕಂಪ್ಯೂಟರ್ ಸೈನ್ಸ್ ಕಲಿಸುವುದು. ಐದು ರಟ್ಟುಗಳ ಮೇಲೆ 16, 8, 4, 2, 1 ಚುಕ್ಕಿ ಬರೆಯಿರಿ. ಐದು ಮಕ್ಕಳು ಸಾಲಾಗಿ ನಿಂತು ರಟ್ಟು ತೋರಿಸುತ್ತಾ, ಮರೆಮಾಡುತ್ತಾ 0ಯಿಂದ 31ರವರೆಗೆ ಯಾವ ಸಂಖ್ಯೆಯನ್ನಾದರೂ ಮಾಡಲಿ. ಎರಡೇ ಸ್ಥಿತಿಗಳಲ್ಲಿ ಯಾವ ಸಂಖ್ಯೆಯನ್ನಾದರೂ ಹೇಳುವ ಬೈನರಿ ಅಂದರೆ ಅದೇ. 1ರಿಂದ 1000ದೊಳಗೆ ಒಂದು ಸಂಖ್ಯೆ ನೆನೆದುಕೊಳ್ಳಿ, ‘ಇದಕ್ಕಿಂತ ದೊಡ್ಡದೇ?’ ಎಂದು ಹತ್ತೇ ಪ್ರಶ್ನೆ ಕೇಳಿ ಹಿಡಿಯಲು ಹೇಳಿ. ಪ್ರತಿ ಸಲವೂ ಉಳಿದದ್ದನ್ನು ಅರ್ಧ ಮಾಡುವ ಉಪಾಯವನ್ನು ಯಾರಾದರೂ ಕಂಡುಹಿಡಿಯುತ್ತಾರೆ. ಗಣಿತದಲ್ಲಿ ಮೊದಲ ಬೆಂಚಿನ ಮಗುವೇ ಕಂಡುಹಿಡಿಯಬೇಕೆಂದೇನೂ ಇಲ್ಲ.

ನನಗೆ ತುಂಬಾ ಇಷ್ಟವಾದದ್ದು ವಿಂಗಡಣೆಯ ಜಾಲ. ಶಾಲೆಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಗಳು ಕೂಡುವ ಕಡೆ ಒಂದೊಂದು ವೃತ್ತ ಬರೆಯುವುದು. ಆರು ಮಕ್ಕಳು ಒಂದೊಂದು ಸಂಖ್ಯೆ ಬರೆದ ಚೀಟಿ ಹಿಡಿದು ಒಂದು ತುದಿಯಿಂದ ಹೊರಡುತ್ತಾರೆ. ವೃತ್ತದಲ್ಲಿ ಇಬ್ಬರು ಎದುರಾದಾಗ ಚೀಟಿ ಹೋಲಿಸಿ, ಚಿಕ್ಕದಿದ್ದವರು ಎಡಕ್ಕೆ, ದೊಡ್ಡದಿದ್ದವರು ಬಲಕ್ಕೆ ಹೋಗುತ್ತಾರೆ. ಇನ್ನೊಂದು ತುದಿಗೆ ಬರುವ ಹೊತ್ತಿಗೆ ಎಲ್ಲರೂ ಕ್ರಮವಾಗಿ ನಿಂತಿರುತ್ತಾರೆ. ಒಟ್ಟು 12 ಹೋಲಿಕೆ, ಆದರೆ ಒಂದೇ ಹೊತ್ತಿಗೆ ಎರಡು ಮೂರು ಜೋಡಿ ನಡೆಯುವುದರಿಂದ 5 ಹಂತದಲ್ಲಿ ಮುಗಿಯುತ್ತದೆ. ‘ಯಾಕೆ ಯಾವಾಗಲೂ ಸರಿಯಾಗುತ್ತೆ ಮಿಸ್?’ ಎಂದು ಒಬ್ಬಳು ಕೇಳಿದರೆ ಆ ದಿನದ ಪಾಠ ಗೆದ್ದ ಹಾಗೆ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಹುಡುಗನಿಗೆ ಇಲ್ಲಿ ಕೂದಲೆಳೆಯಷ್ಟೂ ಹೆಚ್ಚುಗಾರಿಕೆ ಇಲ್ಲ. ಮೊದಲ ಎರಡು ತಿಂಗಳನ್ನು ಹೀಗೆ ಕಳೆಯಬೇಕು ಎಂದು ನಾನು ಹೇಳುವುದು ಕರೆಂಟಿಗಿಂತ ಹೆಚ್ಚಾಗಿ ಈ ಕಾರಣಕ್ಕೆ. ಯಾರು ಬುದ್ಧಿವಂತರು ಎಂಬ ತೀರ್ಮಾನ ಕೀಬೋರ್ಡ್ ಬರುವ ಮುಂಚೆಯೇ ಕಲಸಿಹೋಗಲಿ.

ಮಳೆ ಹಿಡಿತಕ್ಕೆ ಬಂದು ಲ್ಯಾಬಿಗೆ ಹೋಗುವ ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಸಾಮಗ್ರಿ ಇರಬೇಕು: ತೋಟದ ಮಳೆ ಪುಸ್ತಕ. ಕಾಫಿ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುವ ರೂಢಿ ಎಷ್ಟು ಹಳೆಯದು ಎಂದು ನಿಮಗೆ ಹೇಳಬೇಕಿಲ್ಲ. ಎಷ್ಟೋ ಕಡೆ ಆ ಅಳತೆ ನೋಡಿ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳುವವರು ಲೈನ್ ಮನೆಯವರೇ, ಅಂದರೆ ನಿಮ್ಮ ವಿದ್ಯಾರ್ಥಿಗಳ ಅಪ್ಪಂದಿರೇ. ಒಂದು ವರ್ಷದ ಪುಟಗಳನ್ನು ನಕಲು ಮಾಡಿಕೊಳ್ಳಲು ತೋಟದವರನ್ನು ಕೇಳಿ, ಬಹುತೇಕ ಕೊಡುತ್ತಾರೆ. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತೇವೆ. ಒಂದು ಇಂಚಿಗೆ ನೂರು ಸೆಂಟ್, ಒಂದು ಇಂಚು ಅಂದರೆ 25.4 ಮಿಲಿಮೀಟರ್. ‘ಒಂದು ಇಂಚು ಇಪ್ಪತ್ತು ಸೆಂಟ್’ ಎಂದು ಬರೆದಿದ್ದರೆ 30.48 ಮಿಲಿಮೀಟರ್. ಇದನ್ನು ಪರಿವರ್ತಿಸುವ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ನಾಲ್ಕು ಸಾಲು ಮಕ್ಕಳ ಮೊದಲ ಪ್ರೋಗ್ರಾಂ ಆಗಲಿ. ಆಮೇಲೆ ತಿಂಗಳ ಒಟ್ಟು, ಅತಿ ಹೆಚ್ಚು ಸುರಿದ ದಿನ. ಆಮೇಲೆ ಇನ್ನೂ ಚೆಂದದ ಪ್ರಶ್ನೆ: ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಂದು ಇಂಚು ಮುಟ್ಟಿದ ಮೊದಲ ದಿನ ಯಾವುದು? ಅಂದರೆ ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು? ಅಲ್ಲಿಂದ ಎಷ್ಟನೇ ದಿನಕ್ಕೆ ಮತ್ತೆ ಮಳೆಯಾಯಿತು? ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಮತ್ತು ಕಂಡೀಷನ್ (ಷರತ್ತು ನೋಡಿ ತೀರ್ಮಾನಿಸುವುದು) ಎಂಬ ಎರಡು ಮುಖ್ಯ ಸಂಗತಿಗಳು ಈ ಪ್ರಶ್ನೆಯ ಹೊಟ್ಟೆಯಲ್ಲೇ ಇವೆ. ಹೂಮಳೆ ತಪ್ಪಿದರೆ ತೋಟದಲ್ಲಿ ಏನಾಗುತ್ತದೆ, ಸ್ಪ್ರಿಂಕ್ಲರ್ ಯಾವಾಗ ಹೊರಗೆ ಬರುತ್ತದೆ ಎಂದು ಕ್ಲಾಸಿಗೆ ವಿವರಿಸುವವರು ಆ ದಿನ ಆ ಮಕ್ಕಳೇ ಆಗಿರುತ್ತಾರೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕೊಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿಯನ್ನೂ ಪ್ರೋಗ್ರಾಂ ಮಾಡಿಸಬಹುದಲ್ಲ ಎಂದು ತೋರಬಹುದು. ಕಾಲ್ಪನಿಕ ಅಂಕಿಗಳಲ್ಲಿ ಮಾಡಿಸಿ. ‘ನಿಮ್ಮ ಅಮ್ಮ ನಿನ್ನೆ ಎಷ್ಟು ಕುಯ್ದರು?’ ಎಂದು ಕ್ಲಾಸಿನಲ್ಲಿ ಕೇಳಬೇಡಿ. ಮಗುವಿನ ಬದುಕನ್ನು ಪಾಠಕ್ಕೆ ತರುವುದು ಬೇರೆ, ಅದನ್ನು ನಲವತ್ತು ಜನರ ಮುಂದೆ ಬಿಚ್ಚಿಡುವುದು ಬೇರೆ.

ಕಡೂರು, ಅರಸೀಕೆರೆ ಕಡೆಯ ಯಾವುದಾದರೂ ಶಾಲೆಯ ಪರಿಚಯ ಇದ್ದರೆ ಅವರ ಮಳೆ ಪಟ್ಟಿಯನ್ನೂ ತರಿಸಿಕೊಳ್ಳಿ. ಒಂದೇ ಜಿಲ್ಲೆಯೊಳಗೆ ಮೂಡಿಗೆರೆಗೂ ಕಡೂರಿಗೂ ಇರುವ ಅಂತರ ಕಂಡು ಮಕ್ಕಳು ಬಾಯಿ ಬಿಡುತ್ತಾರೆ. ಅವರು ಕೊಬ್ಬರಿ ಧಾರಣೆಯ ಲೆಕ್ಕ ಮಾಡಲಿ, ಹಾಸನದ ಸುತ್ತಲಿನವರು ಆಲೂಗಡ್ಡೆಯದ್ದು ಮಾಡಲಿ. ಸಕಲೇಶಪುರ, ಆಲೂರು, ಬೇಲೂರಿನ ಮಕ್ಕಳಿಗೆ ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲ್‌ಗೆ ಬರುವ ಸಂದೇಶಗಳು ಚೆನ್ನಾಗಿ ಗೊತ್ತು. ಆ ಸಂದೇಶ ಯಾರಿಗೆ ಹೋಗಬೇಕು, ಯಾರಿಗೆ ಬೇಡ ಎಂಬ ನಿಯಮವನ್ನು ಹಂತಹಂತವಾಗಿ ಬರೆಯುವುದು ಒಂದು ಅದ್ಭುತ ಅಭ್ಯಾಸ.

ಇಂಗ್ಲಿಷಿನ ಭಯ ದೊಡ್ಡದು. ಅದಕ್ಕೆ ನೇರವಾಗಿ ಕೈ ಹಾಕಿ. ಪೈಥಾನ್‌ನಲ್ಲಿ ವೇರಿಯಬಲ್‌ಗಳಿಗೆ (ಬೆಲೆ ತುಂಬಿಡುವ ಡಬ್ಬಿಗಳಿಗೆ) ಕನ್ನಡದಲ್ಲೇ ಹೆಸರಿಡಬಹುದು. ‘ಮಳೆ’, ‘ಇಂಚು’, ‘ಒಟ್ಟು’ ಎಂದು ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿ ಬೆಲೆ ಕೊಟ್ಟರೆ ಅದು ಮರುಮಾತಿಲ್ಲದೆ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಉಳಿಯುವುದು ಪ್ರಿಂಟ್, ಇಫ್, ಫಾರ್, ವೈಲ್ ಎಂಬಂಥ ಬೆರಳೆಣಿಕೆಯ ಪದಗಳು. ಬಸ್ಸಿನ ಬೋರ್ಡಿನಲ್ಲಿ ಇದಕ್ಕಿಂತ ಹೆಚ್ಚು ಇಂಗ್ಲಿಷ್ ಇರುತ್ತದೆ. ಒಂದು ಕ್ಲಾಸಿನಲ್ಲಿ ಇದನ್ನು ಮಾಡಿಸಿ: ‘ಹಾಸನ’ ಎಂಬುದರಲ್ಲಿ ಎಷ್ಟು ಅಕ್ಷರ ಎಂದು ಪೈಥಾನನ್ನು ಕೇಳಿದರೆ ಅದು 4 ಅನ್ನುತ್ತದೆ. ಕಣ್ಣಿಗೆ ಕಾಣುವುದು ಮೂರು. ‘ಮೂಡಿಗೆರೆ’ ಕೇಳಿದರೆ 8, ಕಾಣುವುದು ನಾಲ್ಕು. ಯಾಕೆ ಹೀಗೆ? ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಪಟ್ಟಿಗೆ ಯುನಿಕೋಡ್ ಎನ್ನುತ್ತಾರೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳನ್ನು ಕೊಟ್ಟಿದ್ದಾರೆ. ‘ಕ’ ಎಂಬುದು ಯಂತ್ರದ ಪಾಲಿಗೆ 3221. ದೀರ್ಘ, ಗುಡಿಸು, ಏತ್ವ, ಕೊಂಬು ಇವಕ್ಕೂ ಬೇರೆ ಬೇರೆ ಸಂಖ್ಯೆ ಇವೆ, ಹಾಗಾಗಿ ‘ಹಾ’ ಅಂದರೆ ಅದಕ್ಕೆ ಎರಡು. ಒಂದನೇ ಕ್ಲಾಸಿನಲ್ಲಿ ತಿದ್ದಿದ ಕಾಗುಣಿತದ ಒಳಗೇ ಕಂಪ್ಯೂಟರ್ ಸೈನ್ಸ್ ಕೂತಿರುವುದನ್ನು ಕಂಡಾಗ ಕನ್ನಡ ಮಾಧ್ಯಮದ ಮಗು ಕೊಂಚ ಎದೆ ಸೆಟೆಸಿ ಕೂರುತ್ತದೆ. ಆ ದಿನ ಪ್ರತಿಯೊಬ್ಬರೂ ತಮ್ಮ ಹೆಸರನ್ನು ಹಾಕಿ ಮೊದಲೇ ಊಹಿಸಿ, ಆಮೇಲೆ ಸರಿಯಾಯಿತೇ ಎಂದು ನೋಡಲಿ.

ಚಿತ್ರ ಬರೆಯುವುದರಲ್ಲಿ ಕೈ ಪಳಗಿದವರಿಗೆ ಬೇಲೂರು, ಹಳೇಬೀಡು ಇದೆ. 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಮಕ್ಕಳಿಗೆ ಅವುಗಳ ಬಗ್ಗೆ ಇನ್ನಷ್ಟು ಹೆಮ್ಮೆ ಬಂದಿದೆ. ಹೊಯ್ಸಳರ ನಕ್ಷತ್ರಾಕಾರದ ತಳವಿನ್ಯಾಸವನ್ನು ಪೈಥಾನಿನ ಚಿತ್ರ ಬರೆಯುವ ಸಾಧನವಾದ ಟರ್ಟಲ್‌ನಲ್ಲಿ ಬರೆಸಿ. ಒಂದು ಚೌಕ, ಅದರ ನಡುಬಿಂದುವಿನ ಸುತ್ತ 22.5 ಡಿಗ್ರಿ ತಿರುಗಿಸಿ ಮತ್ತೊಂದು, ಹೀಗೆ ನಾಲ್ಕು ಚೌಕ. 16 ಮೂಲೆಯ ನಕ್ಷತ್ರ ಸಿದ್ಧ. ಕೋನದ ಪಾಠವೂ ಅಲ್ಲೇ ಆಗಿಹೋಗುತ್ತದೆ, ನಿಮ್ಮ ಗಣಿತದ ಪೀರಿಯಡ್ ನಷ್ಟವಾಯಿತು ಎಂದು ಮುಖ್ಯ ಶಿಕ್ಷಕರು ಹೇಳುವಂತಿಲ್ಲ.

ಎಂಟು ಕಂಪ್ಯೂಟರ್ ಇದ್ದರೆ ಹದಿನಾರು ಮಕ್ಕಳು ಒಳಗೆ, ಉಳಿದವರು ಹೊರಗೆ ಕಾಗದದ ಕೆಲಸದಲ್ಲಿ. ಒಂದರ ಮುಂದೆ ಮೂವರು ಕೂತರೆ ಮೂರನೆಯವರು ಬರೀ ನೋಡುವವರಾಗುತ್ತಾರೆ. ಮೌಸ್ ಯಾರ ಕೈಯಲ್ಲಿದೆ ಎಂದು ಗಮನಿಸಿ. ಬಿಟ್ಟರೆ ಅದು ತಾನಾಗಿ ಗೊತ್ತಿದ್ದವನ ಕೈಗೆ, ಹುಡುಗನ ಕೈಗೆ ಜಾರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಕೀಬೋರ್ಡ್ ಬದಲಾಯಿಸಿ. ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ಮುಂದಿನ ಸಾಲು ಹೇಳಬೇಕು. ಹೊಸಬರನ್ನು ಹೊಸಬರ ಜೊತೆಗೇ ಕೂರಿಸಿ. ಪಳಗಿದವನನ್ನು ಪಕ್ಕದಲ್ಲಿ ಕೂರಿಸಿದರೆ ಕಲಿಸುತ್ತಾನೆ ಎಂದು ನಮಗೆ ಅನ್ನಿಸುತ್ತದೆ, ಅವನು ಕಿತ್ತುಕೊಂಡು ಮಾಡಿ ಮುಗಿಸುತ್ತಾನೆ. ನಿಮ್ಮ ಆ ಏಳೆಂಟು ಹುಡುಗರಿಗೆ ಕಷ್ಟದ ಲೆಕ್ಕ ಕೊಟ್ಟು ಅವರಷ್ಟಕ್ಕೆ ಬಿಡಿ. ಅವರೂ ನಿಮ್ಮ ಮಕ್ಕಳೇ, ಅವರ ಓಟಕ್ಕೆ ಅಡ್ಡ ಬರಬಾರದು. ಎರರ್ ಬಂದಾಗ ಪರದೆ ತುಂಬಾ ಕೆಂಪು ಅಕ್ಷರ ಕಾಣುತ್ತದಲ್ಲ, ಅದರ ಕೊನೆಯ ಸಾಲನ್ನು ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿಸಿ ಅರ್ಥ ಹೇಳಿ. ದಿನಾ ಕೋಡ್ ಬರೆಯುವವರಿಗೂ ದಿನಾ ಎರರ್ ಬರುತ್ತದೆ ಎಂಬುದು ಮಕ್ಕಳಿಗೆ ಮೊದಲ ವಾರವೇ ಗೊತ್ತಾಗಬೇಕು. ‘ನಾನು ಹಾಳು ಮಾಡಿಬಿಟ್ಟೆ’ ಎಂದು ಕೈ ಹಿಂದೆಗೆಯುವವರು ಹೆಚ್ಚಾಗಿ ಮನೆಯಲ್ಲಿ ಯಂತ್ರ ಮುಟ್ಟದ ಮಕ್ಕಳೇ.

ಕಣ್ಣು ಮಂದವಿರುವ ಅಥವಾ ಕಾಣದ ಮಗು ನಿಮ್ಮ ಶಾಲೆಯಲ್ಲಿದ್ದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಡಿ. ಪೂರ್ತಿ ಉಚಿತ, ಪರದೆಯ ಮೇಲಿನದ್ದನ್ನು ಓದಿ ಹೇಳುತ್ತದೆ, ಕನ್ನಡದ ಧ್ವನಿಯೂ ಸಿಗುತ್ತದೆ. ಪ್ರೋಗ್ರಾಮಿಂಗ್ ಪಠ್ಯದಲ್ಲೇ ನಡೆಯುವ ಕೆಲಸ, ಹಾಗಾಗಿ ಕಾಣದವರಿಗೂ ತೆರೆದಿರುವ ಕೆಲವೇ ತಾಂತ್ರಿಕ ದಾರಿಗಳಲ್ಲಿ ಇದೊಂದು.

ಇನ್ನು ಹತ್ತನೇ ತರಗತಿ. ಇಲ್ಲಿ ಆಸಕ್ತಿಗಿಂತ ಮಾಹಿತಿಯ ಕೊರತೆಯೇ ಮಕ್ಕಳನ್ನು ಸೋಲಿಸುವುದು. ಪೇಟೆಯ ಮನೆಗಳಲ್ಲಿ ಊಟದ ಹೊತ್ತಿಗೆ ಮಾತಾಡಿಕೊಳ್ಳುವ ಸಂಗತಿಗಳು ಲೈನ್ ಮನೆಗೆ ತಲುಪುವುದೇ ಇಲ್ಲ. ಫಲಿತಾಂಶ ಬಂದಮೇಲೆ ಹೇಳಿದರೆ ತಡವಾಯಿತು, ಜನವರಿಯಲ್ಲೇ ಪೋಷಕರನ್ನು ಕೂರಿಸಿ ಹೇಳಿ. ಸಂಜೆ ಹೊತ್ತು, ಸಾಧ್ಯವಾದರೆ ಲೈನ್ ಮನೆಗಳ ಹತ್ತಿರವೇ. ಕೊಯ್ಲು ಬಿಟ್ಟು ಅವರು ಶಾಲೆಗೆ ಬರಲಾರರು.

ಏನು ಹೇಳಬೇಕು? ಕಂಪ್ಯೂಟರ್ ಓದಲು ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್) ಒಂದೇ ದಾರಿ ಎಂಬುದು ತಪ್ಪು. ಪಿಯುಸಿಯಲ್ಲಿ ಕಂಪ್ಯೂಟರ್ ಬದಲು ಜೀವಶಾಸ್ತ್ರ ಇರುವ ಪಿಸಿಎಂಬಿ ಓದಿದವರೂ ಎಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಬಹುದು, ಭೌತಶಾಸ್ತ್ರ ಮತ್ತು ಗಣಿತ ಇದ್ದು ಮೂರನೆಯದಾಗಿ ರಸಾಯನಶಾಸ್ತ್ರ ಇದ್ದರೆ ಸಾಕು. ಹತ್ತಿರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಇಲ್ಲ ಎಂದು ಹುಡುಗಿಯ ಓದಿಗೇ ಬೀಗ ಹಾಕಬೇಕಿಲ್ಲ. ವಾಣಿಜ್ಯದವರಿಗೆ ಸಿಇಬಿಎ ಇದೆ, ಅದರಲ್ಲಿ ಲೆಕ್ಕಶಾಸ್ತ್ರದ ಜೊತೆ ಕಂಪ್ಯೂಟರ್ ಸೈನ್ಸ್ ಬರುತ್ತದೆ, ಮುಂದೆ ಬಿಸಿಎಗೆ ದಾರಿ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಪಾಲಿಟೆಕ್ನಿಕ್‌ಗೆ ಸೇರಿದರೆ ಮೂರು ವರ್ಷದ ಡಿಪ್ಲೊಮಾ. ಚಿಕ್ಕಮಗಳೂರಿನಲ್ಲಿ ಡಿಎಸಿಜಿ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಎಂಜಿನಿಯರಿಂಗ್‌ಗೆ ಹಾಸನದಲ್ಲಿ 1960ರಿಂದ ಮಲ್ನಾಡ್ ಕಾಲೇಜು ಇದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ತಾಂತ್ರಿಕ ಕಾಲೇಜಿದೆ. ಬೆಂಗಳೂರಿಗೆ ಹೋಗಲೇಬೇಕು ಎಂಬ ಭಯ ಬೇಡ. ಒಂದು ವರ್ಷದಲ್ಲಿ ಕೈಗೆ ಕೆಲಸ ಬೇಕು ಎನ್ನುವವರಿಗೆ ಐಟಿಐನಲ್ಲಿ ಕೋಪಾ ಎಂಬ ಕಂಪ್ಯೂಟರ್ ಆಪರೇಟರ್ ತರಬೇತಿ ಇದೆ.

ಎಷ್ಟೋ ಮಕ್ಕಳ ಕೈತಪ್ಪಿ ಹೋಗುತ್ತಿರುವ ಒಂದು ಹಕ್ಕನ್ನು ಬಿಡಿಸಿ ಹೇಳಬೇಕು. ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ನಿಮ್ಮ ಮಕ್ಕಳು ಯಾವುದನ್ನು ತಮ್ಮ ಕೊರತೆ ಎಂದು ನಾಚಿಕೊಳ್ಳುತ್ತಾರೋ ಅದೇ ಅಲ್ಲಿ ಅವರ ಬಲ. ಆದರೆ ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಪಿಯುಸಿ ಮುಗಿಸಿ ಓಡಾಡುವಾಗ ಹಳೆಯ ಶಾಲೆ ಮುಚ್ಚಿರುತ್ತದೆ, ದಾಖಲೆ ಸಿಗುವುದಿಲ್ಲ. ಪ್ರಾಥಮಿಕ ಶಾಲೆಯ ದಾಖಲೆಯನ್ನೂ ಸೇರಿಸಿ ಹತ್ತನೇ ತರಗತಿಯಲ್ಲಿರುವಾಗಲೇ ನೀವು ಮಾಡಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ತೋಟದಿಂದ ತೋಟಕ್ಕೆ ಹೋಗುತ್ತಾ ಮೂರು ನಾಲ್ಕು ಶಾಲೆ ಬದಲಾಯಿಸಿದ ಮಕ್ಕಳಿಗೆ ಇದು ಇನ್ನೂ ಕಷ್ಟ, ಅವರದ್ದನ್ನು ಮೊದಲು ಕೈಗೆತ್ತಿಕೊಳ್ಳಿ.

ದುಡ್ಡಿನ ವಿಷಯಕ್ಕೆ ಮೂರು ಹೆಸರು ಬೋರ್ಡಿನ ಮೇಲೆ ಬರೆದಿಡಿ. ಎಂಟನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕಾಗಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆ, ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ತಾಂತ್ರಿಕ ಡಿಪ್ಲೊಮಾ ಅಥವಾ ಡಿಗ್ರಿಗೆ ಸೇರಿದ ಹೆಣ್ಣುಮಕ್ಕಳಿಗೆ ಎಐಸಿಟಿಇ ಎಂಬ ರಾಷ್ಟ್ರೀಯ ತಾಂತ್ರಿಕ ಶಿಕ್ಷಣ ಮಂಡಳಿಯ ಪ್ರಗತಿ, ವರ್ಷಕ್ಕೆ 50,000. ಅಂಗವಿಕಲ ವಿದ್ಯಾರ್ಥಿಗಳಿಗೆ ಅದೇ ಸಂಸ್ಥೆಯ ಸಕ್ಷಮ್, ಅದೂ 50,000. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್ ಇದ್ದೇ ಇದೆ. ಅರ್ಜಿ ತುಂಬುವುದನ್ನೇ ಲ್ಯಾಬಿನ ಒಂದು ಕೆಲಸ ಮಾಡಿ. ಬಸ್ಸಿನ ಮಾತೂ ಬರುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ, ಆದರೆ ಮಲೆನಾಡಿನ ಎಷ್ಟೋ ದಾರಿಯಲ್ಲಿ ಖಾಸಗಿ ಬಸ್ಸೇ ಗತಿ. ಅಂಥ ಊರಿನ ಹುಡುಗಿಗೆ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಕ್ಕರೆ ಓದು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕೋರ್ಸಿನ ಅರ್ಜಿಯ ಜೊತೆಗೇ ಹಾಸ್ಟೆಲ್ ಅರ್ಜಿ ಹಾಕಿಸಿ.

ಎಐ ಬಗ್ಗೆ ಪೋಷಕರು ಕೇಳುವುದು ನ್ಯಾಯವಾದ ಪ್ರಶ್ನೆ. ‘ಕಂಪ್ಯೂಟರ್ ಓದಿದರೆ ಕೆಲಸ ಗ್ಯಾರಂಟಿ’ ಎಂದು ಮಾತ್ರ ಹೇಳಬೇಡಿ. ಐಟಿ ಕಂಪನಿಗಳು ಒಂದು ವರ್ಷ ಕೈತುಂಬಾ ತೆಗೆದುಕೊಳ್ಳುತ್ತವೆ, ಇನ್ನೊಂದು ವರ್ಷ ಬಾಗಿಲು ಹಾಕುತ್ತವೆ. ಸಾಲ ಮಾಡಿ ಓದಿಸುವ ಮನೆಗೆ ಸುಳ್ಳು ಭರವಸೆ ಕೊಡುವುದು ಅನ್ಯಾಯ. ಇಷ್ಟನ್ನು ಹೇಳಿ: ಎಐ ಕೋಡ್ ಬರೆಯುತ್ತದೆ ನಿಜ. ಬರೆದದ್ದು ಸರಿಯೇ ಎಂದು ನೋಡಲು ವಿಷಯ ಗೊತ್ತಿರುವ ಮನುಷ್ಯ ಬೇಕು. ಮಳೆ ಪುಸ್ತಕದಲ್ಲೇ ತೋರಿಸಿ. ‘ಒಂದು ಇಂಚು ಐದು ಸೆಂಟ್’ ಎಂಬುದನ್ನು ಯಾರೋ ಅವಸರದಲ್ಲಿ 1.5 ಎಂದು ಬರೆದಿರುತ್ತಾರೆ. ಯಂತ್ರ ಅದನ್ನು ಒಂದೂವರೆ ಇಂಚು ಎಂದು ಹಿಡಿದು 38.1 ಮಿಲಿಮೀಟರ್ ಅನ್ನುತ್ತದೆ. ನಿಜವಾದದ್ದು 1.05 ಇಂಚು, ಅಂದರೆ 26.67 ಮಿಲಿಮೀಟರ್. ಕೋಡಿನಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ, ಉತ್ತರ ಮಾತ್ರ ತಪ್ಪು. ಇದನ್ನು ಹಿಡಿಯುವವನು ಮಳೆ ಅಳೆಯುವವನ ಮಗ. ನರ್ಸ್ ಆಗುವವಳಿಗೂ, ಸೊಸೈಟಿಯಲ್ಲಿ ಲೆಕ್ಕ ಬರೆಯುವವನಿಗೂ, ತೋಟ ನೋಡಿಕೊಳ್ಳುವವನಿಗೂ ಮುಂದೆ ಇಂಥ ಯಂತ್ರಗಳ ಜೊತೆ ಬಾಳುವುದಿದೆ. ಎಲ್ಲರೂ ಸಾಫ್ಟ್‌ವೇರ್ ಎಂಜಿನಿಯರ್ ಆಗಲಿ ಎಂದು ನಾನು ಹೇಳುತ್ತಿಲ್ಲ. ಆಗಬಹುದಾದ ಮಗು ಬಾಗಿಲಲ್ಲೇ ತಿರುಗಿ ಹೋಗಬಾರದು.

ಕಂಪ್ಯೂಟರ್ ಕೆಲಸ ಅಂದರೆ ಬೆಂಗಳೂರಿನ ಗಾಜಿನ ಕಟ್ಟಡ ಎಂದೇ ಮಕ್ಕಳು ತಿಳಿದಿರುತ್ತಾರೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ನಮ್ಮ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ ಎಂದು ಹೇಳಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಹೆಸರು ಅವರ ಮನೆಗಳಲ್ಲಿ ಕೇಳಿದ್ದೇ. ಅಲ್ಲಿಯೂ ಅಂಕಿಅಂಶ ಇಲ್ಲದೆ ಒಂದು ದಿನ ಕಳೆಯುವುದಿಲ್ಲ. ಆದರೆ ಇವೆಲ್ಲಕ್ಕಿಂತ ಹೆಚ್ಚು ನಾಟುವುದು ನಿಮ್ಮದೇ ಶಾಲೆಯಿಂದ ಹೋಗಿ ಈಗ ಪಾಲಿಟೆಕ್ನಿಕ್ ಎರಡನೇ ವರ್ಷದಲ್ಲಿರುವ ಒಬ್ಬ ಹುಡುಗಿ. ದೊಡ್ಡ ಸಾಧಕರನ್ನು ಕರೆಸುವ ಬದಲು ಅವಳನ್ನು ಕರೆಸಿ. ಹಾಸ್ಟೆಲ್ ಊಟ ಹೇಗಿದೆ, ಇಂಗ್ಲಿಷ್ ಪಾಠ ಮೊದಲ ಸೆಮಿಸ್ಟರ್‌ನಲ್ಲಿ ಎಷ್ಟು ಕಷ್ಟವಾಯಿತು, ಯಾವಾಗ ಹಗುರಾಯಿತು ಎಂದು ಅವಳು ಹೇಳುವುದನ್ನು ಬೇರೆ ಯಾರೂ ಹೇಳಲಾರರು.

ಒಂದು ನೋಟ್‌ಬುಕ್ ಇಡಿ. ಯಾವ ಮಗು ಹತ್ತನೇ ತರಗತಿಯ ನಂತರ ಏನು ತೆಗೆದುಕೊಂಡಿತು, ಎಲ್ಲಿ ಸೇರಿತು, ಯಾಕೆ ಬಿಟ್ಟಿತು. ಹುಡುಗ, ಹುಡುಗಿ, ಲೈನ್ ಮನೆ, ಊರೊಳಗಿನವರು ಎಂದು ಬೇರೆ ಬೇರೆ ಬರೆದುಕೊಳ್ಳಿ. ಮೊದಲ ವರ್ಷ ಅಂಕಿ ಅಲುಗಾಡದೇ ಇರಬಹುದು. ಈಗ ಎಂಟನೇ ತರಗತಿಯಲ್ಲಿ ಶುರು ಮಾಡಿದವರ ಆಯ್ಕೆ ಕಾಣುವುದು ಮೂರನೇ ವರ್ಷಕ್ಕೆ.

ಕೊನೆಗೆ ನಿಮ್ಮ ಮೂರನೇ ಪ್ರಶ್ನೆ. ಪ್ರೋಗ್ರಾಮಿಂಗ್ ಬಾರದ ಗಣಿತ ಶಿಕ್ಷಕಿಯಿಂದ ಇದು ಆದೀತೇ? ಆಗುತ್ತದೆ. ಮೊದಲ ಎರಡು ತಿಂಗಳ ಯಂತ್ರವಿಲ್ಲದ ಪಾಠಗಳಿಗೆ ನಿಮ್ಮ ಗಣಿತವೇ ಸಾಕು. ಅಷ್ಟರಲ್ಲಿ ನೀವು ಪೈಥಾನ್‌ನಲ್ಲಿ ಪ್ರಿಂಟ್, ಇಫ್, ಫಾರ್ ಮತ್ತು ಪಟ್ಟಿ ಇಷ್ಟನ್ನು ಕಲಿತುಕೊಳ್ಳಿ. ಪಿಯುಸಿಯ ಕಂಪ್ಯೂಟರ್ ಸೈನ್ಸ್ ಪಠ್ಯಪುಸ್ತಕದ ಪೈಥಾನ್ ಅಧ್ಯಾಯಗಳು ಇದಕ್ಕೆ ಧಾರಾಳ. ದಿನಾ ಅರ್ಧ ಗಂಟೆ ಕೂತರೆ ಮಳೆಗಾಲ ಮುಗಿಯುವುದರೊಳಗೆ ಮಳೆ ಪುಸ್ತಕದ ಪ್ರೋಗ್ರಾಂ ನೀವೇ ಬರೆದಿರುತ್ತೀರಿ. ಗೊತ್ತಿಲ್ಲದ್ದನ್ನು ಮಕ್ಕಳು ಕೇಳಿದರೆ ಅವರ ಮುಂದೆಯೇ ಹುಡುಕಿ. ಈ ವಾರ ಮುಖ್ಯ ಶಿಕ್ಷಕರ ಹತ್ತಿರ ಎಂಟನೇ ತರಗತಿಗೆ ಒಂದು ಪೀರಿಯಡ್ ಕೇಳಿ, ಐದು ರಟ್ಟು ಕತ್ತರಿಸಿಟ್ಟುಕೊಳ್ಳಿ. ತೋಟದಿಂದ ಮಳೆ ಪುಟಗಳು ಬಂದ ಮೇಲೆ ಮೊದಲ ತಿಂಗಳ ಪಟ್ಟಿಯನ್ನು ನನಗೆ ಕಳಿಸಿ, ಮಕ್ಕಳ ಮಟ್ಟಕ್ಕೆ ತಕ್ಕ ಪ್ರಶ್ನೆಗಳನ್ನು ಜೋಡಿಸಿ ಕಳಿಸುತ್ತೇನೆ.